ಬೀಸೆಕಲ್ಲು ಹತ್ತದ ಗುಡ್ಡ

ತಮ್ಮನ ಮೊಬೈಲಿನಲ್ಲಿದ್ದ ಆ್ಯಪ್ ಆ ದಿನದ ನಮ್ಮ ಸವಾರಿಗೆ ಎರಡು ಲೆಕ್ಕ ಕೊಟ್ಟಿತು. ಒಂದು, ಬೆಳಿಗ್ಗೆ ಗುಂಡಿ ಒತ್ತಿದಾಗಿನಿಂದ ಸಂಜೆ ಮತ್ತೆ ಒತ್ತುವವರೆಗಿನ ಒಟ್ಟು ಹೊತ್ತು. ಇನ್ನೊಂದು, ಚಕ್ರ ತಿರುಗಿದ ಹೊತ್ತು. ಎಲ್ಲಿ ನಿಂತೆವೋ, ಕೂತೆವೋ, ಯಾರ ಜೊತೆ ಮಾತಾಡಿದೆವೋ, ಅದನ್ನೆಲ್ಲ ಅದು ತಾನಾಗಿಯೇ ಕಳೆದುಬಿಡುತ್ತದೆ. ಪಂದ್ಯಕ್ಕೆ ತಯಾರಿ ನಡೆಸುವವರಿಗೆ ಇದು ಅನುಕೂಲವೇ. ಆದರೆ ನಾನು ಕನ್ನಡ ಕಾದಂಬರಿಗಳಲ್ಲಿ ಬರುವ ಮಲೆನಾಡಿನ ದಾರಿಗಳನ್ನು ಕುರಿತು ಮೂರು ವರ್ಷದಿಂದ ಪಿಎಚ್‌.ಡಿ. ಪ್ರಬಂಧ ಬರೆಯುತ್ತಿರುವವಳು. ನನ್ನ ಮೂರನೆಯ ಅಧ್ಯಾಯವೂ ಇದೇ ರೀತಿ ಕಳೆಯುವ ಲೆಕ್ಕ ಹಾಕಿದೆಯಲ್ಲ ಅನ್ನಿಸಿ ಆ ರಾತ್ರಿ ಕಸಿವಿಸಿಯಾಯಿತು. ಆ ಅಧ್ಯಾಯವನ್ನು ಮಾರ್ಗದರ್ಶಕರಿಗೆ ಒಪ್ಪಿಸಲು ಇನ್ನು ಐದು ವಾರ ಉಳಿದಿತ್ತು.

ಹೋದದ್ದು ಡಿಸೆಂಬರಿನಲ್ಲಿ, ಕ್ಯಾಸಲ್‌ರಾಕ್ ಕಡೆಗೆ. ಧಾರವಾಡದಿಂದ ಸೈಕಲ್ಲುಗಳನ್ನು ಗಾಡಿಯ ಮೇಲೆ ಕಟ್ಟಿಕೊಂಡು ಬಂದು ಜೋಯಿಡಾ ತಾಲ್ಲೂಕಿನ ರಾಮನಗರದಲ್ಲಿ ಗೆಳತಿಯ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ತಿನೈಘಾಟ್ ದಾಟಿ, ಅನಮೋಡದ ಕಡೆ ಹೋಗುವ ಹೆದ್ದಾರಿ ಬಿಟ್ಟು, ಕಾಡಿನ ರಸ್ತೆ ಹಿಡಿದು ಕ್ಯಾಸಲ್‌ರಾಕ್. ಅಲ್ಲಿಂದ ಮುಂದೆ ಮಣ್ಣಿನ ಜಾಡಿನಲ್ಲಿ ಗುಡ್ಡ ಹತ್ತುವುದು ತಮ್ಮನ ಯೋಜನೆ. ಅವನದು ಮೌಂಟನ್ ಬೈಕಿನ ಹುಚ್ಚು. ನನಗೆ ಕೊಟ್ಟದ್ದು ಅವನ ಹಳೆಯ ಸೈಕಲ್ಲು, ಮುಂದೆ ಸಸ್ಪೆನ್ಶನ್ ಇದ್ದದ್ದು. ಇಡೀ ಸೀಮೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೂ ಅಂಚಿಗೂ ಹರಡಿಕೊಂಡಿದೆ. ಮೊದಲು ಹಿಡಿದ ದಾರಿಯಲ್ಲಿ ಅರಣ್ಯದ ಗೇಟು ಎದುರಾಯಿತು. ಅನುಮತಿ ತೆಗೆದುಕೊಳ್ಳದೆ ಬಂದದ್ದು ನಮ್ಮದೇ ತಪ್ಪು. ಕಾವಲಿನವರು ಬೈಯಲಿಲ್ಲ, 'ಆ ಕಡೆ ಊರವರು ಓಡಾಡೋ ದಾರಿ ಐತ್ರಿ, ಅಲ್ಲಿ ಹೋಗ್ರಿ' ಅಂದರು. ಆ ಊರವರ ದಾರಿಯೇ ನಮ್ಮ ದಿನವನ್ನು ತಿಂದಿತು.

ಅದು ಕೆಂಪು ಮಣ್ಣಿನ ಏರು. ಮಳೆಗಾಲದ ನೀರು ಕೊರೆದ ಕೊರಕಲು ನಡುವೆ, ಎರಡೂ ಬದಿಗೆ ಉರುಳುಗಲ್ಲು. ಇಂಥ ಏರಿನಲ್ಲಿ ಸೈಕಲ್ಲಿನ ಮೇಲೆ ಕೂರುವುದೇ ಒಂದು ಇಕ್ಕಟ್ಟು. ಸೀಟಿನಲ್ಲಿ ಹಿಂದೆ ಕೂತರೆ ಮುಂದಿನ ಚಕ್ರ ನೆಲ ಬಿಟ್ಟು ಏಳುತ್ತದೆ. ಎದ್ದು ನಿಂತು ತುಳಿದರೆ ಹಿಂದಿನ ಚಕ್ರಕ್ಕೆ ಭಾರ ಸಾಲದೆ ಕಲ್ಲಿನ ಮೇಲೆ ಸುಮ್ಮನೆ ಗಿರಕಿ ಹೊಡೆಯುತ್ತದೆ. ಸೀಟಿನ ಮೂಗಿನ ತುದಿಗೆ ಸರಿದು, ಎದೆಯನ್ನು ಹ್ಯಾಂಡಲ್ಲಿಗೆ ತಗ್ಗಿಸಿ, ಅತಿ ಸಣ್ಣ ಗೇರಿನಲ್ಲಿ ಒಂದೇ ಸಮನೆ ತುಳಿಯಬೇಕು. ನಾನು ಹೀಗೆ ಎಷ್ಟು ದೂರ ತುಳಿದೆ ಎಂದು ಹೇಳಲು ನಾಚಿಕೆ. ಇಳಿದು ತಳ್ಳಿದ್ದೇ ಹೆಚ್ಚು. (ತಳ್ಳಿಕೊಂಡು ಹೋದದ್ದೂ ಆ್ಯಪಿನ ಪಾಲಿಗೆ ಸವಾರಿಯೇ. ಚಕ್ರ ತಿರುಗಿತಲ್ಲ.) ಹಳ್ಳದ ಹತ್ತಿರ ಬಿದಿರಿನ ಮುಳ್ಳು ಚುಚ್ಚಿ ನನ್ನ ಹಿಂದಿನ ಟ್ಯೂಬು ಪಂಕ್ಚರ್ ಆಯಿತು. ತಮ್ಮ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತ ಕೂತಿದ್ದಾಗ ಅಕ್ಕಿಯ ಚೀಲ ತಲೆಯ ಮೇಲಿಟ್ಟುಕೊಂಡ ಗಂಡ ಹೆಂಡತಿ ನಮ್ಮನ್ನು ದಾಟಿ ಅದೇ ಏರನ್ನು ಮಾತಾಡುತ್ತ ಹತ್ತಿ ಹೋದರು.

ರಾಮನಗರಕ್ಕೆ ಮರಳಿದ ರಾತ್ರಿಯೇ ಕೂತು ಒಂದು ಪ್ರವಾಸ ಲೇಖನ ಬರೆದೆ. ಪುರವಣಿಗೆ ಕಳಿಸಬಹುದು ಎಂಬ ಆಸೆ. ಮರುದಿನ ಓದಿದರೆ ನಗು ಬಂತು. ಬೆಳಗಿನ ಮಂಜಿನಿಂದ ಶುರು, ಗುಡ್ಡದ ಸವಾಲು, ಒಂದು ಬೀಳು, ಒಂದು ಚಹಾದಂಗಡಿ, 'ಮುಗ್ಧ ಜನ', ತುದಿಯಿಂದ ಕಂಡ ನೋಟ, ಕೊನೆಗೆ ಜೀವನವೂ ಒಂದು ಏರುದಾರಿ ಎಂಬ ಬೋಧೆ. ಕ್ರಿಯಾಪದಗಳಿಗೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆದು ನೋಡಿದೆ. ಹತ್ತಿದೆ, ಎದುರಿಸಿದೆ, ಮಣಿಸಿದೆ, ಗೆದ್ದೆ. ಕರ್ತೃ ಯಾವಾಗಲೂ ನಾನು, ಕರ್ಮ ಯಾವಾಗಲೂ ಗುಡ್ಡ. ಅಕ್ಕಿ ಚೀಲದ ದಂಪತಿ 'ಮುಗ್ಧ ಜನ'ದ ಸಾಲಿನಲ್ಲಿ ಅರ್ಧ ವಾಕ್ಯಕ್ಕೆ ಬಂದು ಹೋಗಿದ್ದರು.

ಈ ವ್ಯಾಕರಣ ನಾನು ಕಟ್ಟಿದ್ದಲ್ಲ. ಸೈಕಲ್ಲು ಮತ್ತು ಪರ್ವತ ಸೇರಿದಲ್ಲೆಲ್ಲ ಅದು ಸಿದ್ಧವಾಗಿ ಕಾದಿರುತ್ತದೆ. 1957ರಲ್ಲಿ ಬಂದ ರೋಲಾಂ ಬಾರ್ತನ 'ಮಿಥಾಲಜೀಸ್' ಪುಸ್ತಕದಲ್ಲಿ ಟೂರ್ ದ ಫ್ರಾನ್ಸ್ ಪಂದ್ಯವನ್ನು ಮಹಾಕಾವ್ಯದಂತೆ ಓದುವ ಪ್ರಬಂಧವಿದೆ. ಮೋಂ ವಾಂಟು ಪರ್ವತ ಅಲ್ಲಿ ಬಲಿ ಕೇಳುವ ಕೇಡಿನ ದೈವವಾಗುತ್ತದೆ. ಹತ್ತು ವರ್ಷದ ನಂತರ, 1967ರಲ್ಲಿ, ಟಾಮ್ ಸಿಂಪ್ಸನ್ ಎಂಬ ಸವಾರ ಅದೇ ಪರ್ವತದ ಏರಿನಲ್ಲಿ ಕುಸಿದು ಸತ್ತ. ಮೌಂಟನ್ ಬೈಕಿನ ಹುಟ್ಟಿನ ಕಥೆಯೂ ಇದಕ್ಕೆ ದೂರವಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯ ಹುಡುಗರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದ ಮಣ್ಣುದಾರಿಯಲ್ಲಿ ಬಿಟ್ಟುಕೊಂಡು ಇಳಿಯುತ್ತಿದ್ದರು. ಇಳಿಯುವಷ್ಟರಲ್ಲಿ ಬ್ರೇಕಿನ ಹಬ್ಬಿನೊಳಗಿನ ಗ್ರೀಸು ಸುಟ್ಟು ಹೋಗಿ ಮತ್ತೆ ತುಂಬಬೇಕಾಗುತ್ತಿತ್ತು. ಆ ಪಂದ್ಯಕ್ಕೆ 'ರೀಪ್ಯಾಕ್' ಎಂದು ಹೆಸರು ಬಂದದ್ದೇ ಅದರಿಂದ. ಅಂದರೆ ಈ ಯಂತ್ರ ಹುಟ್ಟಿದ್ದು ಗುಡ್ಡದ ಮೇಲೆ ಯಾವ ಕೆಲಸವೂ ಇಲ್ಲದವರ ಇಳಿಜಾರಿನ ಖುಷಿಗೆ. ಆ ಖುಷಿ ನನಗೂ ಸಿಕ್ಕಿತು, ಸುಳ್ಳು ಹೇಳಲಾರೆ. ಸಂಜೆ ಇಳಿಯುವಾಗ ಸೀಟಿನ ಹಿಂದಕ್ಕೆ ಜೋತುಬಿದ್ದು, ಎರಡು ಬೆರಳು ಬ್ರೇಕಿನ ಮೇಲಿಟ್ಟುಕೊಂಡು ಕೂಗಿದ್ದೂ ಉಂಟು.

1967 ಕನ್ನಡದವರಿಗೆ ಬೇರೆ ಕಾರಣಕ್ಕೆ ಮುಖ್ಯ ವರ್ಷ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಪ್ರಕಟವಾದದ್ದು ಆಗ. ಅದೇ ವರ್ಷ, ಲೇಖಕ ತೀರಿಹೋದ ಮರುವರ್ಷ, ಐರ್ಲೆಂಡಿನ ಫ್ಲ್ಯಾನ್ ಓಬ್ರಾಯನ್‌ನ 'ದ ಥರ್ಡ್ ಪೊಲೀಸ್‌ಮನ್' ಕೂಡ ಹೊರಬಂತು. ಅದರಲ್ಲಿ ಹಾಳು ರಸ್ತೆಯಲ್ಲಿ ಸದಾ ಸೈಕಲ್ ಹೊಡೆಯುವವರ ಕಣಗಳು ಸೈಕಲ್ಲಿಗೂ ಸೈಕಲ್ಲಿನ ಕಣಗಳು ಅವರಿಗೂ ಸೇರಿ, ಮನುಷ್ಯರು ಅರ್ಧ ಸೈಕಲ್ಲಾಗುತ್ತಾರೆ. ಎರಡು ಕಾದಂಬರಿಗಳಿಗೂ ಸಂಬಂಧವಿಲ್ಲ. ಆದರೂ ಎರಡರಲ್ಲೂ ಸೈಕಲ್ಲು ಬರಿಯ ವಾಹನವಲ್ಲ, ಮನುಷ್ಯನನ್ನು ಇನ್ನೇನೋ ಆಗಿಸುವ ಸಾಮಾನು ಎಂಬುದು ನನಗೆ ಇಷ್ಟದ ಕಾಕತಾಳೀಯ.

ಕುವೆಂಪು ಅವರ ಮಲೆನಾಡಿಗೆ ಸೈಕಲ್ಲು ಬರುವುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಮಿಷನರಿಗಳ ಜೊತೆಯಲ್ಲಿ. ಊರವರ ಬಾಯಲ್ಲಿ 'ಬೈಸಿಕಲ್' ಎಂಬುದು 'ಬೀಸೆಕಲ್ಲು' ಆಗುತ್ತದೆ. ಬೆಟ್ಟಳ್ಳಿಯ ದೇವಯ್ಯ ಅದಕ್ಕೆ ಮರುಳಾಗುತ್ತಾನೆ. ಸೈಕಲ್ಲಿನ ಮೋಹ, ಹೊಸ ಮತದ ಸೆಳೆತ, ಹೊಸ ಕಾಲದ ಗತ್ತು, ಮೂರೂ ಅವನಲ್ಲಿ ಹೆಣೆದುಕೊಳ್ಳುತ್ತವೆ. ತರಗತಿಯಲ್ಲಿ ನಾವು ಇದನ್ನು ಓದುವ ರೀತಿ ಗೊತ್ತಿರುವುದೇ: ಸೈಕಲ್ಲು ಎಂದರೆ ಆಧುನಿಕತೆ, 'ಬೀಸೆಕಲ್ಲು' ಎಂದರೆ ಅದನ್ನು ಬೆರಗಿನಿಂದ ನೋಡುವ ಮುಗ್ಧತೆ. ನಾನೂ ಅಧ್ಯಾಯದಲ್ಲಿ ಹಾಗೆಯೇ ಬರೆದಿದ್ದೆ. ಈಗ ಆ ಪುಟ ನನಗೆ ಸಾಲದು ಅನ್ನಿಸುತ್ತದೆ. ಬೀಸುವ ಕಲ್ಲು ಗೊತ್ತಿಲ್ಲದ ವಸ್ತುವಿಗೆ ಇಟ್ಟ ತಪ್ಪು ಹೆಸರಲ್ಲ. ಅದು ಮನೆಯ ಮೂಲೆಯಲ್ಲಿ ದಿನಾ ತಿರುಗುವ ಚಕ್ರ, ಹೆಂಗಸರ ತೋಳಿನಿಂದ ತಿರುಗುವಂಥದ್ದು. ಹೊರಗಿನಿಂದ ಬಂದ ಗಾಲಿಯನ್ನು ಆ ಭಾಷೆ ತನಗೆ ಗೊತ್ತಿದ್ದ ದುಡಿಮೆಯ ಪಕ್ಕಕ್ಕೆ ಎಳೆದುಕೊಂಡು ಕೂರಿಸಿತು. ನಗುವವರು ಯಾರು, ನಗೆಗೆ ಗುರಿ ಯಾರು ಎಂಬುದು ಆ ಪದದಲ್ಲಿ ಅಷ್ಟು ಸುಲಭವಾಗಿ ತೀರ್ಮಾನವಾಗುವುದಿಲ್ಲ.

ಇನ್ನೊಂದು ವಿಷಯ ಏರಿನಲ್ಲಿ ಸೈಕಲ್ ತಳ್ಳುವಾಗಲೇ ಹೊಳೆದದ್ದು. ಆ ಕಾದಂಬರಿಯಲ್ಲಿ ಮನುಷ್ಯರ ಹಣೆಬರಹ ಬದಲಾಯಿಸುವ ಪಯಣಗಳು ನಡೆಯುವುದೆಲ್ಲ ಕಾಲಿನ ಮೇಲೆ. ನಾಯಿ ಹುಲಿಯನ ಜೊತೆ ಕಾಡು ದಾಟುವ ಗುತ್ತಿ. ಅವನ ಹಿಂದೆ ಮನೆ ಬಿಟ್ಟು ಹೊರಡುವ ತಿಮ್ಮಿ. ಒಲ್ಲದ ಮದುವೆಯಿಂದ ತಪ್ಪಿಸಿಕೊಂಡು ಕತ್ತಲಲ್ಲಿ ಹುಲಿಕಲ್ಲು ನೆತ್ತಿ ಹತ್ತುವ ಚಿನ್ನಮ್ಮ. ಬೀಸೆಕಲ್ಲಿಗೆ ರಸ್ತೆ ಬೇಕು, ಹುಲಿಕಲ್ಲು ನೆತ್ತಿಗೆ ಅದು ಬರಲಾರದು. ರಸ್ತೆಯ ಮೇಲೆ ದೇವಯ್ಯನ ಆಧುನಿಕತೆ ಗರಿಗೆದರುತ್ತಿದ್ದಾಗ, ರಸ್ತೆಯಿಲ್ಲದ ಕಡೆ ಇಬ್ಬರು ಹೆಣ್ಣುಮಕ್ಕಳು ಅದಕ್ಕಿಂತ ದೊಡ್ಡ ಸಾಹಸ ಮಾಡುತ್ತಾರೆ. ಗುಡ್ಡ ಅವರ ಎದುರಾಳಿಯೂ ಅಲ್ಲ, ಅವರು ಅದನ್ನು ಗೆಲ್ಲುವುದೂ ಇಲ್ಲ. ಮನೆಯಿಂದ ದೂರವಾಗಲು ಅದು ದಾರಿ, ಅಷ್ಟೆ. ಗುತ್ತಿ ತಿಮ್ಮಿಯರ ಪಾಲಿಗೆ ಆ ದಾರಿಯ ಬೆಲೆ ಏನಾಯಿತು ಎಂಬುದನ್ನು ತುಂಗೆಯ ಪ್ರವಾಹದಲ್ಲಿ ಕೊಚ್ಚಿಹೋದ ಹುಲಿಯನನ್ನು ಮರೆಯದ ಓದುಗರಿಗೆ ಹೇಳಬೇಕಿಲ್ಲ.

ಇಲ್ಲಿಗೆ ಆ ಅಜ್ಜಿಯ ಮಾತು ಬರಬೇಕು. ಏರು ಮುಗಿದಲ್ಲಿ ನಾಲ್ಕೈದು ಮನೆಗಳ ಕುಣಬಿ ಕೇರಿಯಿತ್ತು. ಸೆಗಣಿ ಸಾರಿಸಿದ ಅಂಗಳದಲ್ಲಿ ಅಗೆದು ತಂದ ಗೆಡ್ಡೆಗಳ ರಾಶಿ. ಜೋಯಿಡಾದ ಗೆಡ್ಡೆಗೆಣಸಿನ ಮೇಳದ ಹೆಸರು ಕೇಳಿದವರಿಗೆ ಕುಣಬಿಗಳ ಈ ಬೇಸಾಯ ಗೊತ್ತಿರುತ್ತದೆ. ಅಜ್ಜಿ ನಮ್ಮನ್ನು ಕೂರಿಸಿ ಬೆಲ್ಲದ ಕರಿ ಚಹಾ ಕೊಟ್ಟು ಕೊಂಕಣಿಯಲ್ಲಿ ಏನೋ ಕೇಳಿದಳು. ಕನ್ನಡದಲ್ಲಿ ಸಂಶೋಧನೆ ಮಾಡುವ ನಾನು ಕರ್ನಾಟಕದ ಒಂದು ಅಂಗಳದಲ್ಲಿ ಬಾಯಿ ಬಿಡಲಾಗದೆ ಕೂತೆ. ಶಾಲೆಗೆ ಹೋಗುವ ಮೊಮ್ಮಗ ದುಭಾಷಿಯಾದ.

'ಅಜ್ಜಿಗೆ ಕನ್ನಡ ಬರೂದಿಲ್ರಿ. ಯಾರ ಮನಿಗೆ ಹೊಂಟೀರಿ ಅಂತ ಕೇಳಾಕತ್ತಾಳ.'

'ಯಾರ ಮನಿಗೂ ಅಲ್ಲಪ್ಪ. ಸುಮ್ನ ಗುಡ್ಡ ಹತ್ತಾಕ ಬಂದೀವಿ.'

ಹುಡುಗ ಅದನ್ನು ಹೇಳಿದ. ಅಜ್ಜಿ ನನ್ನನ್ನು, ತಮ್ಮನನ್ನು, ಮತ್ತೆ ನನ್ನನ್ನು ನೋಡಿ ದನಿ ತಗ್ಗಿಸಿ ಇನ್ನೇನೋ ಕೇಳಿದಳು. ಹುಡುಗ ನಗು ತಡೆಯಲಾರದೆ ಬಾಯಿ ಮುಚ್ಚಿಕೊಂಡ.

'ನೀವಿಬ್ರೂ ಮನಿ ಬಿಟ್ಟು ಓಡಿ ಬಂದೀರೇನಂತ.'

ಅವನು ನನ್ನ ತಮ್ಮ ಎಂದು ತಿಳಿಸಿದ ಮೇಲೆ ಅಜ್ಜಿ ಬಹಳ ಹೊತ್ತು ನಕ್ಕಳು. ತಮ್ಮನ ಮುಖ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ನನಗೆ ಮಾತ್ರ ಆ ಎರಡು ಪ್ರಶ್ನೆಗಳು ಅಂಟಿಕೊಂಡವು. ಯಾರ ಮನೆಗೆ? ಇಲ್ಲವಾದರೆ, ಯಾರ ಮನೆಯಿಂದ? ಇವೆರಡು ಬಿಟ್ಟು ಗುಡ್ಡದ ಮೇಲಿರಲು ಮೂರನೆಯ ಕಾರಣ ಅವಳಿಗೆ ಕಾಣಲಿಲ್ಲ. ನನ್ನ ಅಧ್ಯಾಯದಲ್ಲಿ ಎಂಟು ಕಾದಂಬರಿಗಳ ದಾರಿಗಳನ್ನು 'ಚಲನೆ', 'ವೇಗ', 'ಅವಕಾಶ' ಎಂಬ ಪರಿಭಾಷೆಗಳಲ್ಲಿ ವಿಂಗಡಿಸಿದ್ದೆ. ಯಾವ ದಾರಿ ಯಾರ ಮನೆಗೆ ಹೋಗುತ್ತದೆ ಎಂಬ ಅಂಕಣ ಆ ಕೋಷ್ಟಕದಲ್ಲಿ ಇರಲೇ ಇಲ್ಲ.

ಹಾಗೆ ಕೇಳಿದರೆ ಮೊದಲು ಬದಲಾಗುವುದು ಶಿವರಾಮ ಕಾರಂತರ 'ಬೆಟ್ಟದ ಜೀವ'. 1943ರ ಈ ಕಾದಂಬರಿಯನ್ನು ನಾನು ದಾರಿಯ ಕಾದಂಬರಿ ಎಂದೇ ಪಟ್ಟಿಗೆ ಸೇರಿಸಿದ್ದೆ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ನಿರೂಪಕ, ಸಿಕ್ಕ ಇಬ್ಬರು ಹಳ್ಳಿಗರಾದ ದೇರಣ್ಣ ಮತ್ತು ಬಟ್ಯ, ಅವರು ಕರೆದೊಯ್ದ ಗೋಪಾಲಯ್ಯನವರ ಮನೆ. ನಿಜವಾಗಿ ನೋಡಿದರೆ ದಾರಿ ಬೇಗ ಮುಗಿದುಹೋಗುತ್ತದೆ. ಕಾದಂಬರಿ ಇರುವುದು ಅತಿಥಿ ಉಳಿದುಕೊಂಡ ಹೊತ್ತಿನಲ್ಲಿ: ಗೋಪಾಲಯ್ಯ ಮತ್ತು ಶಂಕರಿಯ ಜೊತೆಯ ಮಾತು, ಊಟ, ತೋಟ, ಕಾಟುಮೂಲೆಯ ತಿರುಗಾಟ, ಮನೆ ಬಿಟ್ಟು ಹೋದ ಮಗ ಶಂಭುವಿನ ಸುತ್ತ ತಡೆದು ತಡೆದು ಬರುವ ಸಂಗತಿ. ತಮ್ಮನ ಆ್ಯಪಿಗೆ ಈ ಕಾದಂಬರಿಯನ್ನು ಕೊಟ್ಟರೆ ಬಹುಪಾಲು ಪುಟಗಳನ್ನು ಅದು ಕಳೆದುಬಿಟ್ಟೀತು. ನಿರೂಪಕನಿಗೆ ಬೆಟ್ಟ ತಿಳಿಯುವುದು ಹತ್ತಿದ್ದರಿಂದಲ್ಲ, ನಿಂತದ್ದರಿಂದ. ಮಗನಿಲ್ಲದ ಮನೆಗೆ ದಾರಿ ತಪ್ಪಿ ಬಂದ ಒಬ್ಬ ಯುವಕ ಆ ಮುದುಕರಿಗೆ ಏನಾಗಿ ಕಂಡಿರಬಹುದು ಎಂಬುದು ಆ ನಿಂತ ಹೊತ್ತಿನಲ್ಲಲ್ಲದೆ ಬೇರೆಲ್ಲೂ ಗೊತ್ತಾಗುವಂತಿಲ್ಲ.

ಆದರೆ ಕಾರಂತರನ್ನು ಇಲ್ಲಿಗೇ ಹೊಗಳಿ ಬಿಡಲು ನನಗೆ ಮನಸ್ಸಿಲ್ಲ. ಗೋಪಾಲಯ್ಯನವರ ಉತ್ಸಾಹವೂ ಕಾಡನ್ನು ತೋಟ ಮಾಡುವ ಉತ್ಸಾಹ. ಅದರ ವ್ಯಾಕರಣದಲ್ಲೂ 'ಗೆದ್ದೆ' ಇದೆ, ಹೆಚ್ಚು ಪ್ರೀತಿಯಿಂದ ಹೇಳಿದ್ದು ಅಷ್ಟೇ ವ್ಯತ್ಯಾಸ. ಕತ್ತಲಲ್ಲಿ ದಾರಿ ತೋರಿಸಿದ ದೇರಣ್ಣ, ಬಟ್ಯರು ಮನೆ ಸೇರಿದ ಮೇಲೆ ಹಿಂದಿನ ಸಾಲಿಗೆ ಸರಿಯುತ್ತಾರೆ. ಮಾತು ಯಜಮಾನರದು. ನನ್ನ ಅಕ್ಕಿ ಚೀಲದ ದಂಪತಿಯ ಅರ್ಧ ವಾಕ್ಯಕ್ಕೂ ಇದಕ್ಕೂ ಇರುವ ಅಂತರ ನಾನು ಬಯಸುವಷ್ಟು ದೊಡ್ಡದಲ್ಲ.

ಈ ವಿಷಯದಲ್ಲಿ ನನಗೆ ಹೆಚ್ಚು ನೆರವಾದವರು, ಕಾದಂಬರಿಕಾರರಲ್ಲದ, ಇದೇ ಜಿಲ್ಲೆಯ ಹೊನ್ನಾವರದ ಕೃಷ್ಣಾನಂದ ಕಾಮತರು. ವಿಜ್ಞಾನ ಓದಿದ್ದ ಅವರ ಪ್ರವಾಸ ಬರಹಗಳಲ್ಲಿ ಲೇಖಕನ ಕಾಲುನೋವಿಗಿಂತ ಎದುರಿನವರು ಏನು ಬೇಯಿಸುತ್ತಾರೆ, ಯಾವುದರಲ್ಲಿ ನೀರು ಹೊರುತ್ತಾರೆ, ಗೋಡೆಯ ಮೇಲೆ ಏನು ಬರೆದಿದ್ದಾರೆ ಎಂಬುದೇ ಹೆಚ್ಚು. ಜೊತೆಗೆ ಅವರೇ ಬಿಡಿಸಿದ ರೇಖಾಚಿತ್ರಗಳು. ಒಂದು ಕೊಡವನ್ನೋ ಬುಟ್ಟಿಯನ್ನೋ ಬಿಡಿಸಬೇಕಾದರೆ ಅದರ ಮುಂದೆ ಕೂರಬೇಕಲ್ಲ.

ಇನ್ನು ಕ್ಯಾಸಲ್‌ರಾಕಿನ ವಿಷಯ. ಉತ್ತರ ಕನ್ನಡದ ಸಾಹಿತ್ಯ ಎಂದರೆ ನಮ್ಮ ಪಟ್ಟಿ ಗೋಕರ್ಣ, ಹನೇಹಳ್ಳಿ, ಅಂಕೋಲೆ, ಶಿರಸಿಗಳಲ್ಲಿ ಸುತ್ತುತ್ತದೆ. 'ಮಲೆನಾಡು' ಎಂದರೆ ತೀರ್ಥಹಳ್ಳಿ, ಮೂಡಿಗೆರೆ. ಈ ಎರಡು ನಕ್ಷೆಗಳ ನಡುವೆ ಜೋಯಿಡಾ ಬಿಟ್ಟುಹೋಗುತ್ತದೆ. ಕಥೆಗೆ ವಸ್ತು ಇಲ್ಲದೆ ಅಲ್ಲ. 1961ರ ಡಿಸೆಂಬರ್‌ವರೆಗೆ ಇದು ಪೋರ್ಚುಗೀಸ್ ಗೋವಾದ ಗಡಿಯ ನಿಲ್ದಾಣ. 1955ರ ಆಗಸ್ಟ್ 15ರಂದು ಗೋವಾ ವಿಮೋಚನೆಯ ಸತ್ಯಾಗ್ರಹಿಗಳು ಗಡಿ ದಾಟಲು ಹೊರಟ ಜಾಗಗಳಲ್ಲಿ ಇದೂ ಒಂದು. 1946ರ ಜೂನ್ 18ರಂದು ಮಡಗಾಂವಿನಲ್ಲಿ ರಾಮಮನೋಹರ ಲೋಹಿಯಾ ಹಚ್ಚಿದ ಕಿಡಿ ಅದು. ಅದೇ ಲೋಹಿಯಾರನ್ನು ಓದಿ ನಮ್ಮ ನವ್ಯದ ಲೇಖಕರು ಒಂದು ತಲೆಮಾರು ವಾದ ಮಾಡಿದರು, ಆದರೆ ಆ ಗಡಿಯ ಕಾಡು ಅವರ ಕಥೆಗಳೊಳಗೆ ಬರಲಿಲ್ಲ. ಗಡಿಯ ಗೆರೆ ಈಗಲೂ ಕೆಲಸ ಮಾಡುತ್ತಿದೆ: ಗೋವಾದಲ್ಲಿ ಕುಣಬಿಗಳು 2003ರಿಂದ ಪರಿಶಿಷ್ಟ ಪಂಗಡ, ಇತ್ತ ಅದೇ ಬೇಡಿಕೆ ಹಿಡಿದು ಕುಣಬಿಗಳು ವರ್ಷಗಳಿಂದ ಹೋರಾಡುತ್ತಿದ್ದಾರೆ.

ಮುಳುಗಡೆಯ ಮಾತೂ ಹಾಗೆಯೇ. ಶರಾವತಿಯ ಮುಳುಗಡೆಗೆ ನಾ. ಡಿಸೋಜ ಸಿಕ್ಕರು. 'ದ್ವೀಪ', 'ಮುಳುಗಡೆ' ನಮ್ಮ ಪಠ್ಯಗಳಿಗೆ ಬಂದವು. ಕಾಳಿಗೆ ಕಟ್ಟಿದ ಅಣೆಕಟ್ಟಿನಲ್ಲಿ ಸೂಪಾ ಎಂಬ ಊರೇ ಮುಳುಗಿತು. ತಾಲ್ಲೂಕಿನ ಕಚೇರಿ ಜೋಯಿಡಾಕ್ಕೆ ಹೋಯಿತು, ಜನ ರಾಮನಗರಕ್ಕೆ ಬಂದರು. ನಾವು ಉಳಿದಿದ್ದ ಮನೆಯೂ ಅಂಥದ್ದೇ. ಗೆಳತಿಯ ತಂದೆಗೆ ನನ್ನ ಸಂಶೋಧನೆಯ ವಿಷಯ ಹೇಳಿದಾಗ ಅವರು ಊಟದ ತಟ್ಟೆಯಿಂದ ತಲೆ ಎತ್ತದೆ, 'ನಮ್ಮ ಮನೀ ದಾರಿ ನೀರಾಗ ಐತೆವ್ವ, ಅದನ್ನೂ ಬರಕೋ' ಅಂದರು. ಬರೆದುಕೊಂಡೆ. ಯಾವ ಕಾದಂಬರಿಯ ಯಾವ ಪುಟಕ್ಕೆ ಅಡಿಟಿಪ್ಪಣಿ ಮಾಡಲಿ ಎಂದು ಮಾತ್ರ ಹೊಳೆಯಲಿಲ್ಲ.

ಇದಕ್ಕೆಲ್ಲ ಕನ್ನಡದ ಲೇಖಕರನ್ನು ದೂರುವುದು ಸುಲಭ, ಅನ್ಯಾಯವೂ ಹೌದು. ಕಾದಂಬರಿಕಾರರು ತಮಗೆ ಗೊತ್ತಿದ್ದ ಊರನ್ನು ಬರೆದರು, ಬರೆಯಬೇಕಾದದ್ದೂ ಅದನ್ನೇ. ತಪ್ಪು ನನ್ನಂಥವರದು. ನಾಲ್ಕು ತಾಲ್ಲೂಕುಗಳ ಕಾದಂಬರಿಗಳನ್ನು ಓದಿ ಅಧ್ಯಾಯಕ್ಕೆ 'ಕನ್ನಡದ ಮಲೆನಾಡು' ಎಂದು ಶೀರ್ಷಿಕೆ ಕೊಟ್ಟವಳು ನಾನು. ಅಜ್ಜಿಯ ಅಂಗಳ ಆ ಶೀರ್ಷಿಕೆಯ ಒಳಗೋ ಹೊರಗೋ? ಒಳಗೆ ಎಂದರೆ ಅವಳ ಕೊಂಕಣಿಯನ್ನು ನುಂಗಿದಂತೆ. ಹೊರಗೆ ಎಂದರೆ ಆ ಹುಡುಗನ ಕನ್ನಡವನ್ನು ಎಲ್ಲಿಡಲಿ?

ಆ ಹುಡುಗನ ಮುಂದೆ ನಾನು ಇನ್ನೊಂದು ಪೆದ್ದುತನ ಮಾಡಿದೆ. ತಲೆಯ ತುಂಬ ಬೀಸೆಕಲ್ಲು ಇತ್ತಲ್ಲ. ಅಂಗಳಕ್ಕೆ ಒರಗಿಸಿದ್ದ ಸೈಕಲ್ ತೋರಿಸಿ, ಇದಕ್ಕೆ ನಿಮ್ಮ ಕಡೆ ಏನಂತಾರೆ ಎಂದು ಕೇಳಿದೆ. ಅವನು ನನ್ನನ್ನು ಅನುಮಾನದಿಂದ ನೋಡಿ, 'ಸೈಕಲ್ ಅಂತಾರ್ರೀ. ಇನ್ನೇನಂತಾರ?' ಅಂದ. ಅವನೂ ದಿನಾ ಕೆಳಗಿನ ಊರಿನವರೆಗೆ ನಡೆದು, ಅಲ್ಲಿ ಇಟ್ಟಿರುವ ತನ್ನ ಸೈಕಲ್ ಹತ್ತಿ ಶಾಲೆಗೆ ಹೋಗುತ್ತಾನಂತೆ. ಗುಡ್ಡಕ್ಕೆ ಅದನ್ನು ತರುವುದಿಲ್ಲವೇ ಎಂದರೆ, 'ಯಾಕ ತರಬೇಕ್ರಿ?' ಎಂದು ಕೇಳಿದ.

ಸಂಜೆ ಕ್ಯಾಸಲ್‌ರಾಕ್ ನಿಲ್ದಾಣದ ಹತ್ತಿರ ಸೈಕಲ್ ಒರಗಿಸಿ ಕೂತಿದ್ದಾಗ ಗೋವಾ ಕಡೆಯಿಂದ ಗೂಡ್ಸ್ ಗಾಡಿ ಬಂತು. ಕುಳೆಂನಿಂದ ಇಲ್ಲಿಗೆ 26 ಕಿಲೋಮೀಟರು, ನಡುವೆ ದೂಧಸಾಗರ. ಏರು 37ಕ್ಕೆ 1, ಅಂದರೆ 37 ಮೀಟರು ಮುಂದೆ ಹೋದರೆ ಒಂದು ಮೀಟರು ಮೇಲೆ. ಸೈಕಲ್ಲಿಗೆ ಅದು ಏರೇ ಅಲ್ಲ, ಕಬ್ಬಿಣದ ಹಳಿಯ ಮೇಲಿನ ಕಬ್ಬಿಣದ ಗಾಲಿಗೆ ಬಲು ಕಡಿದು. ಅದಕ್ಕೇ ಈ ಘಾಟಿನಲ್ಲಿ ಭಾರದ ಗಾಡಿಗಳಿಗೆ ಹಿಂದೆಯೂ ಎಂಜಿನ್ ಹಚ್ಚುತ್ತಾರೆ. ಬ್ಯಾಂಕರ್ ಅನ್ನುತ್ತಾರೆ ಅದಕ್ಕೆ. ಮುಂದಿನ ಎಂಜಿನ್ ನಮ್ಮನ್ನು ದಾಟಿ ಎಷ್ಟೋ ಹೊತ್ತಾದ ಮೇಲೆ, ಡಬ್ಬಿಗಳೆಲ್ಲ ಮುಗಿದು, ಹಿಂದಿನಿಂದ ತಳ್ಳುತ್ತಿದ್ದವು ಕಂಡವು. ತಮ್ಮ ನನ್ನ ಕಡೆ ನೋಡಿ ನಕ್ಕ. ದಿನವಿಡೀ ನಾನು ಸೈಕಲ್ ತಳ್ಳಿದ್ದನ್ನು ಹಂಗಿಸುತ್ತಿದ್ದವನು ಅವನೇ.

ಪುರವಣಿಗೆಂದು ಬರೆದದ್ದನ್ನು ಕಳಿಸಲಿಲ್ಲ. ಮೂರನೆಯ ಅಧ್ಯಾಯದ ಶೀರ್ಷಿಕೆಯಲ್ಲಿ ಒಂದು ಪದ ಹೊಡೆದುಹಾಕಿ, ಕೋಷ್ಟಕಕ್ಕೆ 'ಯಾರ ಮನೆಗೆ / ಯಾರ ಮನೆಯಿಂದ' ಎಂಬ ಅಂಕಣ ಸೇರಿಸಿ, ಎಂಟು ಕಾದಂಬರಿಗಳನ್ನು ಮೊದಲಿನಿಂದ ಓದಲು ಕೂತಿದ್ದೇನೆ. ಐದು ವಾರ ಸಾಲುವುದಿಲ್ಲ ಎಂದು ಮಾರ್ಗದರ್ಶಕರಿಗೆ ಪತ್ರ ಬರೆದೆ. ತಮ್ಮ ಈಚೆಗೆ ಫೋನ್ ಮಾಡಿ, ಆ ದಿನದ ಸವಾರಿಗೆ ಆ್ಯಪ್ ತಾನಾಗಿಯೇ 'ಮಾರ್ನಿಂಗ್ ರೈಡ್' ಎಂದು ಹೆಸರಿಟ್ಟಿದೆ, ಏನಾದರೂ ಒಳ್ಳೆಯ ಹೆಸರು ಹೇಳು ಎಂದ. ಅಜ್ಜಿ ಕೇಳಿದ್ದನ್ನೇ ಹಾಕು ಅಂದೆ. ಹಾಕಿದ್ದಾನೆ. ಅವನ ಸೈಕಲ್ ಬಳಗದವರೆಲ್ಲ ಈಗ, ಯಾರ ಮನೆಗೆ ಹೋಗಿದ್ದೆಯೋ ಎಂದು ಕೇಳುತ್ತಿದ್ದಾರಂತೆ.